ಚಪ್ಪಾಳೆ ತಡವಾಗಿ ಬಂದ ರಾತ್ರಿ

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆರ್ಚಿ ರೋಚ್ ಕತೆ ಹೇಳುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಅಷ್ಟೆ. ಬದುಕಿರುವ ತನಕ ಆರ್ಚಿಯೇ ಆ ರಾತ್ರಿಯನ್ನು ಕೇಳಿದವರಿಗೆಲ್ಲ ಹೇಳಿಕೊಂಡು ಬಂದರು. ಪಕ್ಕದಲ್ಲಿ ನಿಂತು ನೋಡಿದ ಪಾಲ್ ಕೆಲಿಯೂ ಹೇಳಿದ್ದಾರೆ. ಇಬ್ಬರ ನೆನಪೂ ಮುಖ್ಯವಾದ ಜಾಗದಲ್ಲಿ ಒಂದಕ್ಕೊಂದು ತಾಳೆಯಾಗುತ್ತದೆ. ಹಳೆಯ ನೆನಪುಗಳ ವಿಷಯದಲ್ಲಿ ಅದೇ ಅಪರೂಪ.

1989ನೇ ಇಸವಿ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ, ಯಾರ್ರಾ ನದಿಯ ದಡದಲ್ಲಿ ಕಾನ್ಸರ್ಟ್ ಹಾಲ್ ಇದೆ. ಈಗ ಅದನ್ನು ಹೇಮರ್ ಹಾಲ್ ಅನ್ನುತ್ತಾರೆ. ಎರಡು ಸಾವಿರಕ್ಕೂ ಮಿಕ್ಕಿ ಜನ ಕೂರುವ ಜಾಗ. ಆ ಸಂಜೆ ಜನ ಟಿಕೆಟ್ ಕೊಂಡು ಬಂದದ್ದು ಪಾಲ್ ಕೆಲಿ ಎಂಬ ಹೆಸರಾಂತ ಹಾಡುಗಾರನಿಗಾಗಿ. ಅವನಿಗಿಂತ ಮುಂಚೆ ಹಾಡಲು ಬಂದವನನ್ನು ಅವರು ಕೇಳಿರಲಿಲ್ಲ. ಮೂವತ್ತಮೂರರ ಒಬ್ಬ ಮೂಲನಿವಾಸಿ, ಕೈಯಲ್ಲಿ ಗಿಟಾರ್, ಮೆಲುಮಾತಿನವನು. ಮುಖ್ಯ ಗಾಯಕ ಬರುವ ಮುಂಚೆ ಹಾಡುವವನಿಗೆ ಎಲ್ಲ ದೇಶದಲ್ಲೂ ಒಂದೇ ಗತಿ: ಜನ ಇನ್ನೂ ಸೀಟು ಹುಡುಕುತ್ತಿರುತ್ತಾರೆ, ಮಾತು ಮುಗಿಸಿರುವುದಿಲ್ಲ.

ಅವನು ಹಾಡಿದ್ದು ಎರಡೇ ಹಾಡು. ಮೊದಲನೆಯದು ಪೊಲೀಸ್ ವಶದಲ್ಲಿ ಸತ್ತ ಹುಡುಗನೊಬ್ಬನ ಮೇಲೆ ಕಟ್ಟಿದ 'ಬ್ಯೂಟಿಫುಲ್ ಚೈಲ್ಡ್'. ಎರಡನೆಯದು 'ಟುಕ್ ದ ಚಿಲ್ಡ್ರನ್ ಅವೇ'. ಸರ್ಕಾರದವರು ಬಂದು ಅಪ್ಪ ಅಮ್ಮಂದಿರ ಮಡಿಲಿನಿಂದ ಮಕ್ಕಳನ್ನು ಎತ್ತಿಕೊಂಡು ಹೋದರು ಅನ್ನುವ ಕತೆ. ಅಲಂಕಾರ ಇಲ್ಲ, ಬೈಗುಳ ಇಲ್ಲ. ಮಲಗಿಸುವಾಗ ಮಗುವಿಗೆ ಹೇಳಬಹುದಾದಷ್ಟು ಸರಳ ಮಾತು.

ಕೊನೆಯ ತಂತಿ ಮೀಟಿ ಕೈ ಇಳಿಸಿದ. ಹಾಲ್ ಪೂರ್ತಿ ನಿಶ್ಶಬ್ದ. ಒಂದು ಕೆಮ್ಮೂ ಇಲ್ಲ. ಆರ್ಚಿಗೆ ಅನಿಸಿತು: ಆಯಿತು, ಇವರಿಗೆ ಹಿಡಿಸಲಿಲ್ಲ. ತಿರುಗಿ ವೇದಿಕೆಯಿಂದ ಹೊರಟ. ನಾಲ್ಕು ಹೆಜ್ಜೆ ಇಟ್ಟಿರಬಹುದು, ಎಲ್ಲೋ ಒಬ್ಬರು ಕೈ ತಟ್ಟಿದರು. ಆಮೇಲೆ ಇನ್ನೊಂದು ಮೂಲೆಯಲ್ಲಿ ಇನ್ನಿಬ್ಬರು. ತಗಡಿನ ಮಾಡಿನ ಮೇಲೆ ಮೊದಲು ನಾಲ್ಕು ಹನಿ ಬಿದ್ದು ಆಮೇಲೆ ಮಳೆ ಹಿಡಿಯುತ್ತದಲ್ಲ, ಹಾಗೆ ಏರಿತು ಸದ್ದು. ಅಂಥದ್ದನ್ನು ತಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ ಎಂಬುದು ಪಾಲ್ ಕೆಲಿಯ ನೆನಪು.

ಆ ಮೌನ ಯಾಕೆ ಬಂತು ಅನ್ನುವುದಕ್ಕೆ ಬಹಳ ಜನ 'ಹಾಡು ಅಷ್ಟು ಚೆನ್ನಾಗಿತ್ತು' ಅಂದುಬಿಡುತ್ತಾರೆ. ನನಗೆ ಅದು ಸಾಲದು. ಅಲ್ಲಿ ಕೂತಿದ್ದವರಲ್ಲಿ ಬಹುಪಾಲು ಬಿಳಿಯರು. ಶಾಲೆಯಲ್ಲಿ ಈ ಪಾಠ ಓದಿದವರಲ್ಲ. ಹಿಂದಿನ ವರ್ಷವಷ್ಟೇ, 1988ರಲ್ಲಿ, ದೇಶ ತನ್ನ ಇನ್ನೂರನೇ ಹುಟ್ಟುಹಬ್ಬವನ್ನು ಪಟಾಕಿ ಹಾರಿಸಿ, ಹಡಗುಗಳ ಮೆರವಣಿಗೆ ಮಾಡಿ ಆಚರಿಸಿತ್ತು. ಈಗ ಅವರ ಎದುರಿಗೆ ನಿಂತವನು ಅವರದೇ ವಯಸ್ಸಿನವನು. ಅಂದರೆ ಅವನನ್ನು ಎತ್ತಿಕೊಂಡು ಹೋದ ದಿನ ಇವರೂ ಎಲ್ಲೋ ಒಂದು ಹಿತ್ತಲಲ್ಲಿ ಆಡುತ್ತಿದ್ದರು. ಅಜ್ಜನ ಕಾಲದ ಕತೆ ಎಂದು ತಳ್ಳಿಹಾಕುವಂತಿರಲಿಲ್ಲ. ಲೆಕ್ಕ ಹಾಕಲು ಅವರಿಗೆ ಅಷ್ಟು ಹೊತ್ತು ಹಿಡಿಯಿತು ಅಂತ ನನ್ನ ಅನಿಸಿಕೆ.

ಇನ್ನು ಹಿಂದಕ್ಕೆ ಹೋಗೋಣ.

ಆರ್ಚಿ ಹುಟ್ಟಿದ್ದು 1956ರ ಜನವರಿ 8ರಂದು, ವಿಕ್ಟೋರಿಯಾ ರಾಜ್ಯದ ಮೂರೂಪ್ನದಲ್ಲಿ. ಅಪ್ಪ ಬುಂಜಲುಂಗ್, ಅಮ್ಮ ಗುಂಡಿಟ್ಜ್‌ಮಾರ ಜನ. ಸ್ವಲ್ಪ ದಿನದಲ್ಲೇ ಕುಟುಂಬ ವಾರ್ನಂಬೂಲ್ ಹತ್ತಿರದ ಫ್ರಾಮ್ಲಿಂಗ್‌ಹ್ಯಾಮ್ ಎಂಬ ಮೂಲನಿವಾಸಿಗಳ ಮಿಷನ್ ಕೇರಿಗೆ ಬಂತು. ಅಲ್ಲಿಂದಲೇ ಎರಡು-ಮೂರು ವರ್ಷದ ಕೂಸನ್ನು, ಒಡಹುಟ್ಟಿದವರ ಜೊತೆ, ಸರ್ಕಾರದವರು ಎತ್ತಿಕೊಂಡು ಹೋದದ್ದು. ಕಾಯಿದೆಯ ಭಾಷೆಯಲ್ಲಿ ಇದು ಮಕ್ಕಳ 'ರಕ್ಷಣೆ'. ವಿಕ್ಟೋರಿಯಾದಲ್ಲಿ ಇಂಥ ಮೊದಲ ಕಾಯಿದೆ ಆದದ್ದು 1869ರಲ್ಲೇ.

ಅನಾಥಾಲಯ, ಆಮೇಲೆ ಒಂದೆರಡು ಕೆಟ್ಟ ಸಾಕುಮನೆ. ಕೊನೆಗೆ ಮೆಲ್ಬರ್ನ್ ಹೊರವಲಯದಲ್ಲಿ ಕಾಕ್ಸ್ ಎಂಬ ಸ್ಕಾಟ್‌ಲೆಂಡ್ ಮೂಲದ ಕುಟುಂಬ ಸಿಕ್ಕಿತು. ಅವರು ಒಳ್ಳೆಯವರು, ಇದನ್ನು ಆರ್ಚಿ ಯಾವತ್ತೂ ಮರೆಮಾಚಲಿಲ್ಲ. ಸಾಕಪ್ಪ ಊರಿನ ನೆನಪಾದಾಗ ಸ್ಕಾಟಿಷ್ ಹಾಡು ಹಾಡುತ್ತಿದ್ದ. ಮನೆಯ ಹಿರಿಮಗಳು ಮೇರಿ ಹುಡುಗನಿಗೆ ಕೀಬೋರ್ಡಿನ, ಗಿಟಾರಿನ ಮೊದಲ ಪಾಠ ಹೇಳಿಕೊಟ್ಟಳು. ಹೆತ್ತವರು ಮನೆಗೆ ಬೆಂಕಿ ಬಿದ್ದು ತೀರಿಹೋದರು ಅಂತ ಹುಡುಗನಿಗೆ ಗೊತ್ತಿತ್ತು. ಸರ್ಕಾರದವರು ಹಾಗೆ ಹೇಳಿದ್ದರು. ಸುಳ್ಳು.

ಒಂದು ದಿನ ಲಿಲಿಡೇಲ್ ಹೈಸ್ಕೂಲಿನಲ್ಲಿ ತರಗತಿ ನಡೆಯುತ್ತಿದ್ದಾಗ ಧ್ವನಿವರ್ಧಕದಲ್ಲಿ ಒಂದು ಹೆಸರು ಕೂಗಿದರು. ಆರ್ಚಿಬಾಲ್ಡ್ ವಿಲಿಯಂ ರೋಚ್ ಎಂಬ ಹುಡುಗ ಆಫೀಸಿಗೆ ಬರಬೇಕಂತೆ. ಆ ಹೆಸರಿನವರು ತರಗತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರ ಪಾಲಿಗೆ ಅವನು ಆರ್ಚಿ ಕಾಕ್ಸ್. ಆದರೂ ಒಳಗಿಂದ ಏನೋ ಎಬ್ಬಿಸಿತು, ಎದ್ದು ಹೋದ. ಆಫೀಸಿನಲ್ಲಿ ಒಂದು ಕಾಗದ ಕಾಯುತ್ತಿತ್ತು. ಕಂಡೇ ಇಲ್ಲದ ಅಕ್ಕನೊಬ್ಬಳು ಬರೆದದ್ದು. ನಮ್ಮಮ್ಮ ಹೋದ ವಾರ ತೀರಿಕೊಂಡಳು, ನಿನಗೆ ಇಂತಿಂಥ ಅಣ್ಣ ಅಕ್ಕಂದಿರಿದ್ದಾರೆ, ನಿನ್ನ ಅಪ್ಪನ ಹೆಸರೂ ಆರ್ಚಿ. ಹಾಗೆ ಆ ಹುಡುಗನಿಗೆ ಅಮ್ಮ ಇದ್ದಳು ಅನ್ನುವುದೂ, ಈಗ ಇಲ್ಲ ಅನ್ನುವುದೂ ಒಂದೇ ಹಾಳೆಯಲ್ಲಿ ಗೊತ್ತಾಯಿತು.

ಸ್ವಲ್ಪ ದಿನದಲ್ಲೇ ಗಿಟಾರ್ ಹೆಗಲಿಗೇರಿಸಿ ಮನೆ ಬಿಟ್ಟ. ಕಾಗದದ ಮೇಲಿದ್ದ ಸಿಡ್ನಿಯ ವಿಳಾಸ ಹುಡುಕಿಕೊಂಡು ಹೋದರೆ ಅಕ್ಕ ಅಲ್ಲಿಂದ ಬೇರೆ ಕಡೆ ಹೋಗಿಯಾಗಿತ್ತು. ಅಲ್ಲಿಂದ ಹದಿನೈದು ವರ್ಷದ ಆಸುಪಾಸು ಬೀದಿ, ಹೆಂಡ, ಲಾಕಪ್ಪು, ಹಣ್ಣು ಕೀಳುವ ಕೂಲಿ. ಜಾತ್ರೆಗಳಲ್ಲಿ ಡೇರೆ ಹಾಕಿ ಬಾಕ್ಸಿಂಗ್ ಆಡಿಸುವ ತಂಡವೊಂದರಲ್ಲೂ ಇದ್ದ. ಒಂದು ಸಲ ಎದುರಾಳಿಗೆ ಗುದ್ದಿದ ಮೇಲೆ ಗೊತ್ತಾಯಿತು, ಅವನು ಸ್ವಂತ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಪೈಕಿ ಎಂದು. ನೆಂಟರನ್ನು ಹುಡುಕಿಕೊಂಡು ಹೊರಟವನಿಗೆ ನೆಂಟ ಸಿಕ್ಕಿದ್ದು ಹೀಗೆ.

ಇನ್ನೊಮ್ಮೆ, ಯಾವ ಕಡೆ ಹೋಗಲಿ ಎಂದು ತೋಚದೆ ನಾಣ್ಯ ಚಿಮ್ಮಿದ. ಅದು ಅಡಿಲೇಡ್ ಅಂದಿತು. ಅಲ್ಲಿ ಸಾಲ್ವೇಶನ್ ಆರ್ಮಿಯವರು ನಡೆಸುತ್ತಿದ್ದ ಪೀಪಲ್ಸ್ ಪ್ಯಾಲೆಸ್ ಎಂಬ ತಂಗುದಾಣದಲ್ಲಿ ರೂಬಿ ಹಂಟರ್ ಸಿಕ್ಕಳು. ಅವಳು ಮರ್ರಿ ನದಿ ಸೀಮೆಯ ನ್ಗಾರಿಂಡ್‌ಜೆರಿ ಹುಡುಗಿ. ಅವಳನ್ನೂ ಎಂಟು ವರ್ಷದವಳಿದ್ದಾಗ ಮನೆಯಿಂದ ಎತ್ತಿಕೊಂಡು ಹೋಗಿದ್ದರು. ಇಬ್ಬರೂ ಹದಿಹರೆಯದವರು, ಇಬ್ಬರಿಗೂ ಮನೆಯಿಲ್ಲ. ಅಲ್ಲಿಂದ 2010ರ ತನಕ, ರೂಬಿ ಸಾಯುವ ತನಕ, ಜೊತೆ ಬಿಡಲಿಲ್ಲ. ನಡುವೆ ಒಮ್ಮೆ ಮಾತ್ರ ಆರ್ಚಿಯ ಕುಡಿತ ತಾಳಲಾರದೆ ಅವಳು ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು. ಆ ಪೆಟ್ಟಿಗೆ ಅವನು ಎಚ್ಚೆತ್ತ. ಕುಡಿತ ಬಿಟ್ಟ, ಮುಂದೆ ಕುಡಿತ ಬಿಡಿಸುವ ಕೇಂದ್ರದಲ್ಲೇ ಕೆಲಸಕ್ಕೆ ಸೇರಿದ, ಹಾಡು ಕಟ್ಟಲು ಕೂತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಿಟಾರ್, ಮೂರು ಕಾರ್ಡು, ಹೆದ್ದಾರಿಯ ಹಾಡು. ಆಸ್ಟ್ರೇಲಿಯಾದ ಮೂಲನಿವಾಸಿಗೆ ಇದೆಲ್ಲ ಎಲ್ಲಿಂದ ಬಂತು?

ಬಂದದ್ದು ಗ್ರಾಮಫೋನಿನಿಂದ, ರೇಡಿಯೋದಿಂದ. ಮಿಷನ್ ಕೇರಿಗಳಲ್ಲಿ ಸ್ವಂತ ನುಡಿಯಲ್ಲಿ ಮಾತಾಡಲು, ಸ್ವಂತ ಹಾಡು ಹಾಡಲು ಬಿಡುತ್ತಿರಲಿಲ್ಲ. ಚರ್ಚಿನ ಹಾಡಿಗೆ ಅಡ್ಡಿಯಿರಲಿಲ್ಲ, ರೆಕಾರ್ಡಿನ ಹಾಡಿಗೂ ಅಡ್ಡಿಯಿರಲಿಲ್ಲ. ಅಮೆರಿಕದ ಜಿಮ್ಮಿ ರಾಜರ್ಸ್, ಹ್ಯಾಂಕ್ ವಿಲಿಯಮ್ಸ್, ಆಮೇಲೆ ಆಸ್ಟ್ರೇಲಿಯಾದವನೇ ಆದ ಸ್ಲಿಮ್ ಡಸ್ಟಿ ಹೀಗೆ ಒಳಗೆ ಬಂದರು. ಬಿಟ್ಟು ಬಂದ ಮನೆ, ಸತ್ತ ತಾಯಿ, ಜೈಲು, ರೈಲು, ಕುದುರೆ, ಹೆಂಡ: ಕಂಟ್ರಿ ಹಾಡುಗಳ ವಸ್ತು ಇಷ್ಟೇ. ಅಮೆರಿಕದ ದಕ್ಷಿಣದ ಬಡ ಬಿಳಿಯರು ಕಟ್ಟಿದ ಈ ಹಾಡು ಯಾರದೋ ಜಮೀನಿನಲ್ಲಿ ದನ ಕಾಯುತ್ತಿದ್ದ ಕರಿಯ ಸ್ಟಾಕ್‌ಮನ್‌ಗೆ ತನ್ನದೇ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಳೆದುಕೊಂಡ ಊರಿನ ಬಗ್ಗೆ ಅವನಷ್ಟು ಬಲ್ಲವರು ಯಾರು?

ಈ ದಾರಿಯಲ್ಲಿ ಆರ್ಚಿ ಮೊದಲಿಗನಲ್ಲ. 1963ರಲ್ಲಿ ಯೋರ್ಟಾ ಯೋರ್ಟಾ ಜನರ ಜಿಮ್ಮಿ ಲಿಟಲ್ 'ರಾಯಲ್ ಟೆಲಿಫೋನ್' ಎಂಬ ಭಕ್ತಿಗೀತೆ ಹಾಡಿ ಸಿಡ್ನಿಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರು. ದೇಶದ ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಕಲಮು ಸಂವಿಧಾನದಲ್ಲಿ ಆಗ ಇನ್ನೂ ಇತ್ತು. ಅದು ಹೋದದ್ದು 1967ರ ಜನಮತದಲ್ಲಿ. ಲೆಕ್ಕಕ್ಕಿಲ್ಲದ ಮನುಷ್ಯ ನಂಬರ್ ಒನ್! 1973ರಲ್ಲಿ ವಿಕ್ ಸಿಮ್ಸ್ ಎಂಬ ಕೈದಿ ಬ್ಯಾಥರ್ಸ್ಟ್ ಜೈಲಿನ ಊಟದ ಕೋಣೆಯಲ್ಲಿ ಒಂದೇ ಗಂಟೆಯಲ್ಲಿ ಇಡೀ ಆಲ್ಬಮ್ ಹಾಡಿ ಮುಗಿಸಿದ. ಕ್ಲಿಂಟನ್ ವಾಕರ್ ಎಂಬ ಲೇಖಕ ಈ ಪರಂಪರೆಯನ್ನೆಲ್ಲ ಒಟ್ಟು ಮಾಡಿ 2000ದಲ್ಲಿ 'ಬರೀಡ್ ಕಂಟ್ರಿ' ಎಂಬ ಪುಸ್ತಕ ಬರೆದರು. ಅಂಗಡಿಯವರು ಆರ್ಚಿಯನ್ನು ಫೋಕ್ ಕಪಾಟಿನಲ್ಲಿ ಇಡುತ್ತಾರೆ, ಇಡಲಿ. ಹುಡುಗನಾಗಿದ್ದಾಗ ಹ್ಯಾಂಕ್ ವಿಲಿಯಮ್ಸ್ ಕೇಳಿ ಬೆಳೆದವನ ಕೊರಳಲ್ಲಿ ಹ್ಯಾಂಕ್ ಉಳಿದೇ ಉಳಿದಿದ್ದ. ಆ ಎಳೆದು ಬಿಡುವ ಸ್ವರ, ಕತೆಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಗಿಟಾರ್, ಕಂಟ್ರಿಯದೇ.

ಈಗ ಆ ಹಾಡು ಹುಟ್ಟಿದ ಬಗೆ.

ಕುಡಿತ ಬಿಟ್ಟ ಮೇಲಿನ ದಿನಗಳವು. ಆರ್ಚಿ ಫ್ರಾಮ್ಲಿಂಗ್‌ಹ್ಯಾಮ್‌ಗೆ ಹೋಗಿಬರುತ್ತಿದ್ದ. ಅಲ್ಲಿ ಬ್ಯಾಂಜೋ ಕ್ಲಾರ್ಕ್ ಎಂಬ ಹಿರಿಯರಿದ್ದರು, ಕೇರಿಗೆಲ್ಲ ದೊಡ್ಡಪ್ಪ. ಅವರು ಒಂದು ದಿನ, ನಿನ್ನನ್ನು ಎತ್ತಿಕೊಂಡು ಹೋದ ದಿನದ ಮೇಲೆ ಒಂದು ಹಾಡು ಕಟ್ಟು ಅಂದರು. ಆರ್ಚಿ ಅಂದ: ನನಗದು ನೆನಪೇ ಇಲ್ಲವಲ್ಲ. ಬ್ಯಾಂಜೋಗೆ ನೆನಪಿತ್ತು. ಕೂರಿಸಿಕೊಂಡು ಹೇಳಿದರು. ಯಾರು ಬಂದರು, ಯಾರು ಏನಂದರು, ಅಪ್ಪ ಹೇಗೆ ಎದುರು ನಿಂತ, ಅಮ್ಮ ಹೇಗೆ ಅತ್ತಳು.

ಇದು ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ. ಆಸ್ಟ್ರೇಲಿಯಾದ ಅತ್ಯಂತ ಪ್ರಸಿದ್ಧ ಆತ್ಮಕಥನದ ಹಾಡು ಹಾಡುಗಾರನ ಸ್ವಂತ ನೆನಪಿನದಲ್ಲ. ಮಗುವನ್ನು ಒಯ್ದರೂ ಆ ದಿನದ ನೆನಪು ಕೇರಿಯಲ್ಲೇ ಉಳಿದುಬಿಟ್ಟಿತ್ತು. ಮೂವತ್ತು ವರ್ಷ ಅದನ್ನು ಬೇರೆಯವರು ಜೋಪಾನ ಮಾಡಿಟ್ಟರು, ವಾರಸುದಾರ ಬಂದಾಗ ಕೈಗಿತ್ತರು. ಮಕ್ಕಳನ್ನು ಒಯ್ದ ಅಧಿಕಾರಿಗಳ ಫೈಲು, ದಾಖಲೆ, ಅಲಮಾರು ಎಲ್ಲ ಇತ್ತು. ಅದರೊಳಗಿಂದ ಹುಡುಗನಿಗೆ ಬಂದದ್ದು ಬೆಂಕಿ ಅನಾಹುತದ ಸುಳ್ಳು ಕತೆ. ಓದು ಬರಹ ಹೆಚ್ಚಿಲ್ಲದ ಮುದುಕರೊಬ್ಬರ ಬಾಯಿಂದ ಬಂದದ್ದು ನಿಜ.

1988ರ ಜನವರಿಯಲ್ಲಿ, ಇನ್ನೂರರ ಉತ್ಸವಕ್ಕೆ ಎದುರಾಗಿ ದೇಶದ ಮೂಲೆಮೂಲೆಗಳಿಂದ ಮೂಲನಿವಾಸಿಗಳು ಸಿಡ್ನಿಯಲ್ಲಿ ಸೇರಿದ್ದರು. ಅಲ್ಲಿನ ಲಾ ಪೆರೂಸ್‌ನಲ್ಲಿ ಆರ್ಚಿ ಈ ಹಾಡನ್ನು ತನ್ನವರ ಮುಂದೆ ಹಾಡಿದ. ಅಲ್ಲಿ ಯಾರೂ ಬೆರಗಾಗಲಿಲ್ಲ, ಅತ್ತರು. ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಬಂದು ನನ್ನನ್ನೂ ಒಯ್ದಿದ್ದರು, ನನ್ನ ಅಮ್ಮನನ್ನೂ ಒಯ್ದಿದ್ದರು ಅನ್ನತೊಡಗಿದರು. ಇದು ಮುಂದೆ ಎಲ್ಲ ಊರಲ್ಲೂ ನಡೆಯಿತು. ತನ್ನ ಮನೆಯ ಕತೆ ಅಂತ ಕಟ್ಟಿದ್ದು ಊರೂರಿನ ಕತೆ ಎಂದು ಆರ್ಚಿಗೆ ಗೊತ್ತಾದದ್ದೇ ಹಾಡುತ್ತ ಹಾಡುತ್ತ.

ಸುದ್ದಿ ಮೆಲ್ಬರ್ನ್ ತನಕ ಬಂತು. ಪಾಲ್ ಕೆಲಿಯ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಕಾನೊಲಿ ಟಿವಿಯಲ್ಲಿ ಈ ಹಾಡು ಕೇಳಿ ಕೆಲಿಗೆ ಹೇಳಿದ. ಹಾಗೆ ಬಂದದ್ದೇ ಕಾನ್ಸರ್ಟ್ ಹಾಲ್‌ನ ಆಹ್ವಾನ. ಅಲ್ಲಿ ಏನಾಯಿತು ಎಂದು ಆಗಲೇ ಹೇಳಿದೆ.

ಚಪ್ಪಾಳೆ ಬಂದ ಮೇಲೆ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಆಲ್ಬಮ್ ಮಾಡೋಣ ಬಾ ಎಂದು ಕೆಲಿ, ಕಾನೊಲಿ ಕರೆದರೆ ಆರ್ಚಿ ಹಿಂದೇಟು ಹಾಕಿದ. ಅವನಿಗೆ ಸಂಕೋಚ, ಇದ್ದುದೇ ಸಾಕು ಅನ್ನುವ ಸ್ವಭಾವ. ರೂಬಿ ಬಿಡಲಿಲ್ಲ. ಇದು ನಿನ್ನೊಬ್ಬನ ವಿಷಯ ಅಂದುಕೊಂಡಿದ್ದೀಯಾ, ನಮ್ಮವರಲ್ಲಿ ಎಷ್ಟು ಜನಕ್ಕೆ ಇಂಥ ಅವಕಾಶ ಸಿಗುತ್ತದೆ ಎಂಬ ಅರ್ಥದಲ್ಲಿ ಗದರಿದಳು. ಆರ್ಚಿ ಹೋದ. 1990ರಲ್ಲಿ 'ಚಾರ್ಕೋಲ್ ಲೇನ್' ಬಂತು. ಫಿಟ್ಸ್‌ರಾಯ್ ಬಡಾವಣೆಯಲ್ಲಿ ಮನೆಮಠ ಇಲ್ಲದ ಮೂಲನಿವಾಸಿಗಳು ಕೂಡಿ ಕುಡಿಯುತ್ತಿದ್ದ ಗಲ್ಲಿಯ ಹೆಸರದು. ಕಾಫಿ ಕುಡಿಯಲು ಇವತ್ತು ಫಿಟ್ಸ್‌ರಾಯ್‌ಗೆ ಹೋಗುವ ಮೆಲ್ಬರ್ನ್ ಕನ್ನಡಿಗರಿಗೆ ಆ ಬಡಾವಣೆ ಒಂದು ಕಾಲಕ್ಕೆ ಹಾಗಿತ್ತು ಎಂದು ನಂಬುವುದೇ ಕಷ್ಟವಾದೀತು. ಆ ಆಲ್ಬಮ್‌ನಲ್ಲಿ ರೂಬಿ ಬರೆದ 'ಡೌನ್ ಸಿಟಿ ಸ್ಟ್ರೀಟ್ಸ್' ಕೂಡ ಇದೆ. ಇಬ್ಬರ ಬೀದಿ ಬದುಕಿನ ಹಾಡು. 1991ರಲ್ಲಿ ಆಸ್ಟ್ರೇಲಿಯಾದ ಸಂಗೀತ ಉದ್ಯಮದ ಅರಿಯಾ ಪ್ರಶಸ್ತಿಗಳಲ್ಲಿ ಎರಡು ಆರ್ಚಿಗೆ ಬಂದವು, ಹಾಡಿಗೆ ಮಾನವ ಹಕ್ಕುಗಳ ಪ್ರಶಸ್ತಿಯೂ ಬಂತು. 1994ರಲ್ಲಿ ರೂಬಿಯ ಸ್ವಂತ ಆಲ್ಬಮ್ 'ಥಾಟ್ಸ್ ವಿದಿನ್' ಹೊರಬಂತು.

ಮುಂದಿನ ವರ್ಷಗಳ ವಿದೇಶ ಪ್ರವಾಸ, ದೊಡ್ಡ ಹೆಸರಿನವರ ಜೊತೆ ವೇದಿಕೆ, ಇದನ್ನೆಲ್ಲ ಹೇಳುತ್ತ ಹೋದರೆ ಪಟ್ಟಿಯಾಗುತ್ತದೆ. ನನಗೆ ಮುಖ್ಯ ಅನಿಸುವುದು ಬೇರೆ. ಆ ಗಂಡ ಹೆಂಡತಿ ತಮ್ಮ ಮಕ್ಕಳ ಜೊತೆಗೆ ಇನ್ನೂ ಹಲವು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಸಾಕಿದರು. ಆರ್ಚಿ ಬಾಲಾಪರಾಧಿಗಳ ಕೇಂದ್ರಗಳಿಗೆ ಹೋಗಿ ಹುಡುಗರ ಜೊತೆ ಕೂರುತ್ತಿದ್ದರು. ತನಗಾದದ್ದನ್ನು ಹಾಡಿ ಹೆಸರು ಮಾಡಿದವರು ಬಹಳ ಜನ ಇದ್ದಾರೆ. ಅದೇ ಸ್ಥಿತಿಯಲ್ಲಿರುವ ಹುಡುಗರ ಪಕ್ಕ ಕುರ್ಚಿ ಎಳೆದುಕೊಂಡು ಕೂತವರು ಕಡಿಮೆ.

ಸರ್ಕಾರ ನಿಧಾನವಾಗಿ ಹಿಂದೆ ಬಂತು. ರಾಷ್ಟ್ರೀಯ ವಿಚಾರಣಾ ವರದಿ 'ಬ್ರಿಂಗಿಂಗ್ ದೆಮ್ ಹೋಮ್' ಸಂಸತ್ತಿನ ಮುಂದೆ ಬಂದದ್ದು 1997ರ ಮೇ 26ರಂದು. 1910ರಿಂದ 1970ರ ಒಳಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರ ತನಕ ಮನೆಯಿಂದ ಒಯ್ಯಲಾಗಿತ್ತು ಎಂದು ಅದು ಅಂದಾಜು ಮಾಡಿತು. ಇನ್ನೂ ಹನ್ನೊಂದು ವರ್ಷ ಬೇಕಾಯಿತು, ಕ್ಷಮೆ ಎಂಬ ಒಂದು ಮಾತು ಬರಲು: 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಾಡು ಇಪ್ಪತ್ತು ವರ್ಷ ಮುಂಚೆಯೇ ಹೇಳಿಯಾಗಿತ್ತು.

2010ರ ಫೆಬ್ರವರಿಯಲ್ಲಿ ರೂಬಿ ಹೋದರು. ಅದೇ ವರ್ಷ ಆರ್ಚಿಗೆ ಪಾರ್ಶ್ವವಾಯು ಹೊಡೆಯಿತು, ಮುಂದಿನ ವರ್ಷ ಶ್ವಾಸಕೋಶದ ಕ್ಯಾನ್ಸರ್. ಶ್ವಾಸಕೋಶದ ಒಂದು ಭಾಗ ತೆಗೆದರು. ಉಸಿರೇ ಬಂಡವಾಳವಾದ ಮನುಷ್ಯ. ಆದರೂ 2012ರಲ್ಲಿ 'ಇಂಟು ದ ಬ್ಲಡ್‌ಸ್ಟ್ರೀಮ್' ಎಂಬ ಹೊಸ ಆಲ್ಬಮ್ ತಂದರು, 2019ರಲ್ಲಿ 'ಟೆಲ್ ಮಿ ವೈ' ಎಂಬ ಆತ್ಮಕಥೆ ಬರೆದರು. 2020ರ ನವೆಂಬರ್‌ನಲ್ಲಿ ಅರಿಯಾ ಹಾಲ್ ಆಫ್ ಫೇಮ್ ಗೌರವ ಬಂದಾಗ ಸಿಡ್ನಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ವಾರ್ನಂಬೂಲ್‌ನ ರಂಗಮಂದಿರದಲ್ಲೇ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಕೂತೇ ಹಾಡಿದರು. ಅದೇ ಹಾಡು. ನೋಡಿದರೆ ಗೊತ್ತಾಗುತ್ತದೆ, ಪ್ರತಿ ಸಾಲಿಗೂ ಮುಂಚೆ ಉಸಿರು ಕೂಡಿಸಿಕೊಳ್ಳುತ್ತಾರೆ, ಸಾಲು ಮುಗಿಯುವ ತನಕ ಅದನ್ನು ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ. ಸ್ವರ ಮಾತ್ರ ಎಲ್ಲೂ ಜಾರುವುದಿಲ್ಲ.

ಎತ್ತಿಕೊಂಡು ಹೋದ ಮಕ್ಕಳಿಗೆ ಪರಿಹಾರ ಕೊಡುವ ಯೋಜನೆಯನ್ನು ವಿಕ್ಟೋರಿಯಾ ಸರ್ಕಾರ ತೆರೆದದ್ದು 2022ರ ಮಾರ್ಚ್ 31ರಂದು, ತಲಾ ಒಂದು ಲಕ್ಷ ಡಾಲರ್. ನಾಲ್ಕು ತಿಂಗಳಿಗೆ, ಜುಲೈ 30ರಂದು, ಆರ್ಚಿ ವಾರ್ನಂಬೂಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅರವತ್ತಾರು ವರ್ಷ. ಫ್ರಾಮ್ಲಿಂಗ್‌ಹ್ಯಾಮ್ ಅಲ್ಲಿಗೆ ಹತ್ತಿರವೇ.

ಸತ್ತವರ ಹೆಸರನ್ನು ಬಾಯಲ್ಲಿ ಹೇಳಬಾರದು, ಚಿತ್ರ ತೋರಿಸಬಾರದು ಅನ್ನುವುದು ಅಲ್ಲಿನ ಅನೇಕ ಮೂಲನಿವಾಸಿ ಸಮುದಾಯಗಳ ಕಟ್ಟಳೆ. ಆರ್ಚಿಯ ಮಕ್ಕಳು ಅಪ್ಪನ ಹೆಸರು, ಚಿತ್ರ, ಹಾಡು ಎಲ್ಲವನ್ನೂ ಬಳಸಲು ಅನುಮತಿ ಕೊಟ್ಟಿದ್ದಾರೆ, ಹಾಗಾಗಿ ನಾನೂ ಇಷ್ಟು ಹೊತ್ತು ಹೆಸರು ಹಿಡಿದು ಮಾತಾಡಿದೆ. ಕೇಳಬೇಕೆನಿಸಿದರೆ 1990ರ 'ಚಾರ್ಕೋಲ್ ಲೇನ್' ಮೊದಲು ಕೇಳಿ. ಆಮೇಲೆ 2020ರ ಲಾಕ್‌ಡೌನ್‌ನಲ್ಲಿ ಮನೆಯ ಅಡುಗೆಕೋಣೆಯ ಮೇಜಿನ ಮುಂದೆ ಕೂತು ಅವರು ಅವೇ ಹಾಡುಗಳನ್ನು ಮತ್ತೆ ಹಾಡಿದ 'ದ ಸಾಂಗ್ಸ್ ಆಫ್ ಚಾರ್ಕೋಲ್ ಲೇನ್' ಕೇಳಿ. ಎರಡನೆಯದೇ ಚೆನ್ನ ಅಂತ ನನ್ನ ತೀರ್ಮಾನ.